ಎಲ್‌ಎಂಎಸ್ ಇದೆ, ಟಚ್ ಪ್ಯಾನೆಲ್ ಇದೆ, ಬಳಸುವವರು ಐದೇ ಜನ: ಅಧ್ಯಾಪಕರಿಗೆ ಕಾಲೇಜು ಏನು ಮಾಡಿಕೊಡಬೇಕು?

ಪ್ರಶ್ನೆ ಕೇಳಿದವರು: ಐಕ್ಯೂಎಸಿ ಸಂಚಾಲಕಿ

ತಾಲ್ಲೂಕು ಕೇಂದ್ರದ ಅನುದಾನಿತ ಪದವಿ ಕಾಲೇಜು, ಅದರ ಗುಣಮಟ್ಟ ನೋಡಿಕೊಳ್ಳುವ ಸಮಿತಿ (ಐಕ್ಯೂಎಸಿ) ನನ್ನ ಹೊಣೆ. ಬಿಎ, ಬಿಕಾಂ, ಬಿಎಸ್ಸಿ ಸೇರಿ 900ರ ಹತ್ತಿರ ವಿದ್ಯಾರ್ಥಿಗಳು. ಅಧ್ಯಾಪಕರು 42, ಅದರಲ್ಲಿ 19 ಜನ ಅತಿಥಿ ಉಪನ್ಯಾಸಕರು. ಆರು ಕೊಠಡಿಗಳಲ್ಲಿ 75 ಇಂಚಿನ ಟಚ್ ಪ್ಯಾನೆಲ್ ಇವೆ, ಬಾಡಿಗೆ ಸರ್ವರಿನಲ್ಲಿ ಮೂಡಲ್ ಎಂಬ ಎಲ್‌ಎಂಎಸ್ (ನೋಟ್ಸ್, ಟೆಸ್ಟ್, ಅಂಕ ಎಲ್ಲ ಆನ್‌ಲೈನ್‌ನಲ್ಲಿ ನಡೆಸುವ ತಂತ್ರಾಂಶ) ಇದೆ (4 ಜಿಬಿ ರ‍್ಯಾಮ್). ಲಾಗ್ ತೆಗೆದು ನೋಡಿದರೆ ಮೂಡಲನ್ನು ವಾರಕ್ಕೊಮ್ಮೆಯಾದರೂ ಮುಟ್ಟುವವರು ಐದು ಜನ. ಪ್ಯಾನೆಲ್‌ಗಳು ಪಿಪಿಟಿ ತೋರಿಸುವ ದೊಡ್ಡ ಟಿವಿಗಳಾಗಿವೆ.

ಪ್ರಾಂಶುಪಾಲರ ಯೋಜನೆ ಹೀಗಿದೆ: ಸೆಮಿಸ್ಟರ್ ಮುಗಿದ ಮೇಲೆ ಐದು ದಿನದ ಎಫ್‌ಡಿಪಿ (ಅಧ್ಯಾಪಕರ ತರಬೇತಿ ಶಿಬಿರ), ಹೊರಗಿನಿಂದ ಸಂಪನ್ಮೂಲ ವ್ಯಕ್ತಿ, ಕೊನೆಯ ದಿನ ಸರ್ಟಿಫಿಕೇಟ್. ಆಡಳಿತ ಮಂಡಳಿ ಒಂದೂವರೆ ಲಕ್ಷ ರೂಪಾಯಿ ಕೊಡಲು ಒಪ್ಪಿದೆ. ಆ ದುಡ್ಡನ್ನು ಎಫ್‌ಡಿಪಿಗೇ ಸುರಿಯಬೇಕಾ? ಮೂಡಲ್ ಬಿಟ್ಟು ಗೂಗಲ್ ಕ್ಲಾಸ್‌ರೂಮ್‌ಗೆ ಹೋಗಿ ಅನ್ನುವವರೂ ಇದ್ದಾರೆ, ಅದು ಸರಿಯಾ? ಕನ್ನಡ, ಇತಿಹಾಸ ವಿಭಾಗದವರ ನೋಟ್ಸ್ ಎಲ್ಲ ನುಡಿ ತಂತ್ರಾಂಶದಲ್ಲಿದೆ, ಏರಿಸಿದರೆ ಏನೇನೋ ಚಿಹ್ನೆ ಬರುತ್ತದೆ. ಅತಿಥಿ ಉಪನ್ಯಾಸಕರನ್ನು ಯಾವ ಬಾಯಿಂದ ತರಬೇತಿಗೆ ಕರೆಯುವುದು ಎಂಬುದೂ ಒಂದು ಪ್ರಶ್ನೆ. ಕೆಲಸ ಗೊತ್ತಿರುವವರು ವಿವರವಾಗಿ ಹೇಳಿ.


ಉತ್ತರ 1: ಕ್ರಾನ್‌ಜಾಬ್

ಮೇಡಂ, ಎಫ್‌ಡಿಪಿ ಬೇಡ ಅನ್ನುವುದಿಲ್ಲ. ಬಡ್ತಿಯ ಕಡತಕ್ಕೆ ಆ ಸರ್ಟಿಫಿಕೇಟ್ ಬೇಕು, ಕಾಲೇಜಿನ ನ್ಯಾಕ್ ಮೌಲ್ಯಮಾಪನಕ್ಕೂ ಬೇಕು. ಆದರೆ ಅದರಿಂದ ನಿಮ್ಮ ಲಾಗ್ ಬದಲಾಗುತ್ತದೆ ಅಂದುಕೊಳ್ಳಬೇಡಿ. ಸೆಮಿಸ್ಟರ್ ಮುಗಿದ ಮೇಲೆ ಕಲಿತದ್ದನ್ನು ತರಗತಿಯಲ್ಲಿ ಬಳಸುವ ಹೊತ್ತಿಗೆ ಒಂದೂವರೆ ತಿಂಗಳಾಗಿರುತ್ತದೆ. ಅಷ್ಟರಲ್ಲಿ ಪಾಸ್‌ವರ್ಡೇ ಮರೆತಿರುತ್ತದೆ. ಐದು ದಿನದಲ್ಲಿ ಹದಿನೈದು ಸಾಧನ ತೋರಿಸುತ್ತಾರೆ, ಹದಿನೈದರಲ್ಲಿ ಒಂದೂ ಕೈಗೆ ಹತ್ತುವುದಿಲ್ಲ.

ಅದರ ಬದಲು ಸೆಮಿಸ್ಟರ್ ನಡೆಯುತ್ತಿರುವಾಗಲೇ 90 ನಿಮಿಷದ ಬೈಠಕ್ ಇಡಿ. ಒಂದು ಬೈಠಕ್‌ಗೆ ಒಂದೇ ಕೆಲಸ, 8ರಿಂದ 10 ಜನ, ಆದಷ್ಟೂ ಒಂದೇ ವಿಭಾಗದವರು. ತೋರಿಸುವುದು 15 ನಿಮಿಷ ಮೀರಬಾರದು. ಮುಂದಿನ ಒಂದು ಗಂಟೆ ಅವರವರ ಕೋರ್ಸ್ ಪುಟದಲ್ಲಿ ಅವರೇ ಮಾಡಬೇಕು. ಡೆಮೊ ಕೋರ್ಸ್‌ನಲ್ಲಿ ಮಾಡಿಸಿದರೆ ಅದು ಅಲ್ಲೇ ಉಳಿಯುತ್ತದೆ. ಕೊನೆಯ 15 ನಿಮಿಷ ವಿದ್ಯಾರ್ಥಿಯ ಲಾಗಿನ್‌ನಿಂದ, ಮೊಬೈಲ್‌ನಲ್ಲಿ, ತಾವು ಹಾಕಿದ್ದು ಹೇಗೆ ಕಾಣುತ್ತದೆ ಅಂತ ನೋಡಬೇಕು. ಈ ಕೊನೆಯದನ್ನು ಎಲ್ಲರೂ ಬಿಡುತ್ತಾರೆ. ಮುಚ್ಚಿದ ಕಣ್ಣಿನ ಗುರುತು ಹಾಗೇ ಉಳಿದು ಮಕ್ಕಳಿಗೆ ಏನೂ ಕಾಣದೆ, 'ನಿಮ್ಮ ಮೂಡಲ್ ಸರಿಯಿಲ್ಲ' ಅನ್ನುವ ಮಾತು ಹುಟ್ಟುವುದು ಇಲ್ಲಿಂದಲೇ.

ಮೊದಲ ಬೈಠಕ್ ಯಾವುದರ ಮೇಲೆ? ವಿಡಿಯೋ ಬೇಡ, ಅನಿಮೇಷನ್ ಬೇಡ. ಐಎ (ಆಂತರಿಕ ಮೌಲ್ಯಮಾಪನ) ಅಂಕದ ಮೇಲೆ ಇಡಿ. ಅಧ್ಯಾಪಕರ ತಲೆನೋವು ಅಲ್ಲಿದೆ: ಟೆಸ್ಟ್, ಅಸೈನ್‌ಮೆಂಟ್, ಒಟ್ಟು ಮಾಡುವುದು, ಮತ್ತೆ ವಿಶ್ವವಿದ್ಯಾಲಯಗಳ ಯುಯುಸಿಎಂಎಸ್ ಜಾಲತಾಣಕ್ಕೆ ಏರಿಸುವುದು. ಮೂಡಲ್‌ನ ಗ್ರೇಡ್‌ಬುಕ್‌ನಿಂದ (ಅಂಕಗಳ ಪಟ್ಟಿ) ಎಕ್ಸೆಲ್ ಹಾಳೆ ಇಳಿಸಿಕೊಂಡರೆ ಕೂಡುವ ಕೆಲಸ ತಪ್ಪುತ್ತದೆ ಅಂತ ಕಣ್ಣಾರೆ ಕಂಡವರು ಎರಡನೇ ಬೈಠಕ್‌ಗೆ ತಾವಾಗಿಯೇ ಬರುತ್ತಾರೆ. ಎರಡನೆಯದು ಪ್ರಶ್ನೆಗಳನ್ನು ಒಟ್ಟಿಗೆ ಏರಿಸುವುದು. ಮೂರನೆಯದಕ್ಕೆ ಬೇಕಾದರೆ ವಿಡಿಯೋ.

ಪ್ರಶ್ನೆ ಏರಿಸಲು 'ಐಕೆನ್' ಎಂಬ ಸರಳ ಮಾದರಿ ಸಾಕು. ನೋಟ್‌ಪ್ಯಾಡ್‌ನಲ್ಲಿ ಪ್ರಶ್ನೆ ಒಂದೇ ಸಾಲಿನಲ್ಲಿ, ಅದರ ಕೆಳಗೆ ಇಂಗ್ಲಿಷ್ ದೊಡ್ಡಕ್ಷರ, ಚುಕ್ಕಿ, ಒಂದು ಖಾಲಿ ಜಾಗ, ಆಮೇಲೆ ಆಯ್ಕೆ. ಹೀಗೆ ನಾಲ್ಕು ಸಾಲು. ಕೊನೆಯ ಸಾಲಿನಲ್ಲಿ 'ಆನ್ಸರ್' ಎಂಬ ಇಂಗ್ಲಿಷ್ ಪದ ಪೂರ್ತಿ ದೊಡ್ಡಕ್ಷರದಲ್ಲಿ, ಕೋಲನ್, ಸರಿಯುತ್ತರದ ಅಕ್ಷರ. ಪ್ರಶ್ನೆ ಕನ್ನಡದಲ್ಲಿರಬಹುದು, ಈ ಗುರುತುಗಳು ಮಾತ್ರ ಇಂಗ್ಲಿಷಿನಲ್ಲೇ ಇರಬೇಕು. ಉಳಿಸುವಾಗ ಎನ್‌ಕೋಡಿಂಗ್ ಯುಟಿಎಫ್-8. ಪ್ರಶ್ನೆ ಎರಡು ಸಾಲಿಗೆ ಒಡೆದಿದ್ದರೆ, ಎಲ್ಲೋ ಒಂದು ಚುಕ್ಕಿ ಬಿಟ್ಟಿದ್ದರೆ ಇಂಪೋರ್ಟ್ ನಿಂತುಬಿಡುತ್ತದೆ. ಅದಕ್ಕೇ ಮೊದಲು ಐದು ಪ್ರಶ್ನೆ ಹಾಕಿ ನೋಡಿ, ಆಮೇಲೆ ಐವತ್ತು.

ಅಧ್ಯಾಪಕರು ಬರುವ ಮೊದಲೇ ಅಡ್ಮಿನ್ ಮುಗಿಸಿರಬೇಕಾದ ಕೆಲಸಗಳಿವೆ. ಖಾಲಿ ಕೋರ್ಸ್ ಪುಟ ಕೊಟ್ಟರೆ ಅರ್ಧ ಜನ ಅಲ್ಲೇ ಹಿಂದೆ ಸರಿಯುತ್ತಾರೆ. ಒಂದು ಮಾದರಿ ಕೋರ್ಸ್ ಮಾಡಿ (ಘಟಕಗಳ ಹೆಸರು, ಸೂಚನಾ ಫಲಕ, ಒಂದು ಅಸೈನ್‌ಮೆಂಟ್, ಒಂದು ಕ್ವಿಜ್, ಅಂಕಗಳ ಲೆಕ್ಕ ಕೂಡಿಸಿಟ್ಟ ಗ್ರೇಡ್‌ಬುಕ್), ಅದರ ಬ್ಯಾಕಪ್ ತೆಗೆದು ಪ್ರತಿ ವಿಷಯಕ್ಕೂ ರಿಸ್ಟೋರ್ ಮಾಡಿ. ವಿದ್ಯಾರ್ಥಿಗಳನ್ನು ಸಿಎಸ್‌ವಿ ಕಡತದಿಂದ ಒಟ್ಟಿಗೆ ಸೇರಿಸಿ. ಹೆಸರು ಕನ್ನಡದಲ್ಲಿದ್ದರೆ ಎಕ್ಸೆಲ್‌ನಲ್ಲಿ ಬರೀ ಸಿಎಸ್‌ವಿ ಅಲ್ಲ, 'ಸಿಎಸ್‌ವಿ ಯುಟಿಎಫ್-8' ಆರಿಸಿ ಉಳಿಸಿ, ಇಲ್ಲದಿದ್ದರೆ ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರುತ್ತದೆ.

'ಫೈಲ್ ದೊಡ್ಡದು' ಅನ್ನುವ ದೂರು ಬಂದೇ ಬರುತ್ತದೆ. ಮೂಡಲ್ ಯಾವುದರ ಮೇಲೆ ಓಡುತ್ತದೋ ಆ ಪಿಎಚ್‌ಪಿಯ ಸೆಟ್ಟಿಂಗ್‌ನಲ್ಲಿ ಅಪ್‌ಲೋಡ್ ಮಿತಿ ಮೊದಲಿಗೆ 2 ಎಂಬಿ, ಪೋಸ್ಟ್ ಮಿತಿ 8 ಎಂಬಿ ಇರುತ್ತದೆ. ಅದಲ್ಲದೆ ಮೂಡಲ್‌ನ ಸೈಟ್ ಮಟ್ಟದಲ್ಲಿ, ಕೋರ್ಸ್ ಮಟ್ಟದಲ್ಲಿ, ಅಸೈನ್‌ಮೆಂಟ್ ಒಳಗೆ ಬೇರೆ ಬೇರೆ ಮಿತಿ ಇವೆ. ಎಲ್ಲಕ್ಕಿಂತ ಚಿಕ್ಕದು ಯಾವುದೋ ಅದೇ ನಡೆಯುತ್ತದೆ. ಕೋರ್ಸ್‌ನಲ್ಲಿ 20 ಎಂಬಿ ಮಾಡಿ ಪಿಎಚ್‌ಪಿ ಮರೆತರೆ ಪ್ರಯೋಜನವಿಲ್ಲ. ಹಾಗೇ ಕ್ರಾನ್ (ಸರ್ವರ್ ಹಿನ್ನೆಲೆಯಲ್ಲಿ ತಾನಾಗಿಯೇ ಮಾಡುವ ಕೆಲಸ) ಪ್ರತಿ ನಿಮಿಷ ಓಡುತ್ತಿದೆಯೇ ನೋಡಿ. ಅದು ನಿಂತರೆ ಸೂಚನೆಯ ಮೇಲ್ ಯಾರಿಗೂ ಹೋಗುವುದಿಲ್ಲ, ಪರದೆಯಲ್ಲಿ ಮಾತ್ರ ಎಲ್ಲ ಸರಿ ಇದ್ದಂತೆಯೇ ಕಾಣುತ್ತದೆ.

4 ಜಿಬಿ ಬಗ್ಗೆ: ಒಂದೇ ಗಳಿಗೆಯಲ್ಲಿ ಕೆಲಸ ಮಾಡುವ 10ರಿಂದ 20 ಬಳಕೆದಾರರಿಗೆ 1 ಜಿಬಿ ಅನ್ನುವುದು ಮೂಡಲ್‌ನವರದೇ ಹಳೆಯ ಅಂದಾಜು. ಬಿಕಾಂ ಮೊದಲ ವರ್ಷದ 120 ಜನ ಹತ್ತು ಗಂಟೆಗೆ ಸರಿಯಾಗಿ ಕ್ವಿಜ್ ತೆರೆದರೆ ಸರ್ವರ್ ಮಲಗುತ್ತದೆ. 40ರಂತೆ ಮೂರು ತಂಡ ಮಾಡಿ, ನಡುವೆ ಹತ್ತು ನಿಮಿಷ ಬಿಡಿ. ಇಲ್ಲವೇ ಟೆಸ್ಟ್ ತಿಂಗಳಿಗೆ ಮಾತ್ರ 8 ಜಿಬಿಗೆ ಏರಿಸಿ. ಮೊದಲ ಕ್ವಿಜ್‌ನಲ್ಲೇ ಹೀಗಾದರೆ ಆ ಅಧ್ಯಾಪಕರು ಮತ್ತೆ ಆ ಕಡೆ ತಲೆ ಹಾಕುವುದಿಲ್ಲ, ಸ್ಟಾಫ್ ರೂಮಿನ ಉಳಿದ ಹತ್ತು ಜನವೂ.

ಗೂಗಲ್ ಬಗ್ಗೆ ನನ್ನ ಅಳತೆಗೋಲು ಒಂದೇ. ಅಪ್‌ಡೇಟ್ ಮಾಡಿ, ಬ್ಯಾಕಪ್ ತೆಗೆದು, ಅದನ್ನು ಬೇರೆಡೆ ಇಡುವ ಒಬ್ಬ ಮನುಷ್ಯ ಖಾಯಂ ಇದ್ದಾನೆಯೇ? ಇದ್ದರೆ ಮೂಡಲ್. ಇಲ್ಲದಿದ್ದರೆ ನಾಚಿಕೆಯಿಲ್ಲದೆ ಗೂಗಲ್. ಕಾಲೇಜಿಗೆ ಎರ್ನೆಟ್‌ನಿಂದ (ಶಿಕ್ಷಣ ಸಂಸ್ಥೆಗಳಿಗೆ ಜಾಲವಿಳಾಸ ಕೊಡುವ ಸಂಸ್ಥೆ) ಪಡೆದ ಎಸಿ ಡಾಟ್ ಇನ್ ವಿಳಾಸ ಇದ್ದರೆ ವರ್ಕ್‌ಸ್ಪೇಸ್‌ನ ಉಚಿತ ಶಿಕ್ಷಣ ಆವೃತ್ತಿಗೆ ಅರ್ಜಿ ಹಾಕಬಹುದು. ಅದರಲ್ಲಿ ಮೀಟ್‌ಗೆ 100 ಜನರ ಮಿತಿ ಇದೆ, ರೆಕಾರ್ಡಿಂಗ್ ಇಲ್ಲ. ಎಲ್ಲರೂ ತಮ್ಮ ಸ್ವಂತ ಜಿಮೇಲ್‌ನಲ್ಲಿ ಕ್ಲಾಸ್‌ರೂಮ್ ತೆರೆಯಲು ಮಾತ್ರ ಅವಕಾಶ ಕೊಡಬೇಡಿ. ಅವರು ಕಾಲೇಜು ಬಿಟ್ಟ ದಿನ ಅಂಕವೂ ಅವರ ಜೊತೆ ಹೋಗುತ್ತದೆ.


ಉತ್ತರ 2: ಒತ್ತಕ್ಷರ

ನುಡಿ ವಿಷಯಕ್ಕೆ ಮಾತ್ರ ಉತ್ತರಿಸುತ್ತೇನೆ. ತೊಂದರೆ ಮೂಡಲ್‌ನದ್ದಲ್ಲ. ಹಳೆಯ ನುಡಿ, ಬರಹ ಫಾಂಟ್‌ಗಳು ಇಂಗ್ಲಿಷ್ ಮತ್ತು ಲ್ಯಾಟಿನ್ ಅಕ್ಷರಗಳ ಜಾಗದಲ್ಲೇ ಕನ್ನಡದ ಚೂರುಗಳನ್ನು ಕೂರಿಸಿದ್ದವು. ಫಾಂಟ್ ಇರುವ ಕಂಪ್ಯೂಟರಿನಲ್ಲಿ ಅದು ಕನ್ನಡ. ಇಲ್ಲದ ಕಡೆ ಚಿಹ್ನೆಗಳ ಸಂತೆ. ಯೂನಿಕೋಡ್‌ಗೆ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಬದಲಿಸದೆ ಬೇರೆ ದಾರಿಯಿಲ್ಲ.

ಪರಿವರ್ತಕಗಳು ಅಂತರ್ಜಾಲದಲ್ಲಿ ಉಚಿತವಾಗಿಯೇ ಇವೆ. ಆದರೆ ಇಡೀ ಡಾಕ್ಯುಮೆಂಟ್ ಎತ್ತಿ ಹಾಕಬೇಡಿ. ನಡುವೆ ಇಂಗ್ಲಿಷ್ ಪದಗಳಿದ್ದರೆ ಪರಿವರ್ತಕಕ್ಕೆ ಅದೂ ನುಡಿಯಂತೆಯೇ ಕಂಡು, ಅರ್ಥವಿಲ್ಲದ ಕನ್ನಡವಾಗಿ ಹೊರಬರುತ್ತದೆ. ಕನ್ನಡ ಪ್ಯಾರಾಗಳನ್ನು ಮಾತ್ರ ಒಂದೊಂದಾಗಿ ಹಾಕಿ. ಕೋಷ್ಟಕಗಳು ಒಡೆಯುತ್ತವೆ, ಅವನ್ನು ಮತ್ತೆ ಕಟ್ಟಬೇಕು.

ಬದಲಾದ ಮೇಲೆ ಕಣ್ಣಿಟ್ಟು ನೋಡಬೇಕಾದ್ದು ಅರ್ಕಾವತ್ತು. 'ಕರ್ನಾಟಕ' ಎಂಬುದು ಎಷ್ಟೋ ಸಲ 'ಕನಾ೯ಟಕ' ಆಗಿರುತ್ತದೆ. ಅಲ್ಲಿರುವುದು ಅರ್ಕಾವತ್ತಲ್ಲ, ಕನ್ನಡದ ಒಂಬತ್ತು. ಅವಸರದಲ್ಲಿ ಓದಿದರೆ ಗೊತ್ತೇ ಆಗುವುದಿಲ್ಲ. ಬಿಟ್ಟ ಸ್ಥಳ ತುಂಬುವ ಕ್ವಿಜ್‌ನಲ್ಲಿ ಇದು ಕೈಕೊಡುತ್ತದೆ: ಕೀಲಿಯಲ್ಲಿ ಒಂಬತ್ತು, ವಿದ್ಯಾರ್ಥಿ ಬರೆದದ್ದು ನಿಜವಾದ ಅರ್ಕಾವತ್ತು, ಮೂಡಲ್ ಕೊಡುವುದು ಸೊನ್ನೆ. ವರ್ಡ್‌ನಲ್ಲಿ ಹುಡುಕು ಅಂತ ಕೊಟ್ಟು '೯' ಹಾಕಿ, ಸಿಕ್ಕಿದ್ದನ್ನೆಲ್ಲ ಒಂದೊಂದಾಗಿ ತಿದ್ದಿ. ಒಟ್ಟಿಗೆ ಬದಲಿಸಲು ಹೋಗಬೇಡಿ, ಏಕೆಂದರೆ ಅರ್ಕಾವತ್ತಿನ ರಕಾರ ಹಿಂದಿನ ಅಕ್ಷರಕ್ಕಿಂತ ಮುಂಚೆ ಬರಬೇಕು, ಜಾಗವೇ ಬೇರೆ.

ಕಣ್ಣಿಗೆ ಕಾಣದ ಇನ್ನೊಂದು ತೊಡಕು: 'ಎಲ್‌ಎಂಎಸ್'ನಂಥ ಪದದಲ್ಲಿ ಒತ್ತಾಗದಂತೆ ತಡೆಯುವ ಅದೃಶ್ಯ ಅಕ್ಷರವೊಂದು ಕೂತಿರುತ್ತದೆ. ಒಬ್ಬರ ಕೀಲಿಮಣೆ ಅದನ್ನು ಹಾಕುತ್ತದೆ, ಇನ್ನೊಬ್ಬರದು ಹಾಕುವುದಿಲ್ಲ. ಎರಡೂ ನೋಡಲು ಒಂದೇ ರೀತಿ ಕಾಣಬಹುದು, ಹೋಲಿಸಿದಾಗ ಬೇರೆ. ಹಾಗಾಗಿ ಕನ್ನಡದ ಕ್ವಿಜ್‌ಗೆ ಬಹುಆಯ್ಕೆಯೇ ಕ್ಷೇಮ. ಒಂದು ಪದದ ಉತ್ತರ ಬೇಕೇಬೇಕಿದ್ದರೆ ಇಂಥ ಪದಗಳನ್ನು ತಪ್ಪಿಸಿ, ಸಾಧ್ಯವಿರುವ ರೂಪಗಳನ್ನೆಲ್ಲ ಸರಿಯುತ್ತರವಾಗಿ ಸೇರಿಸಿ.

ಹಿರಿಯ ಅಧ್ಯಾಪಕರ ನಿಜವಾದ ಭಯ 'ಮತ್ತೆ ಟೈಪಿಂಗ್ ಕಲಿಯಬೇಕಾ' ಎಂಬುದು. ಬೇಡ. ಕೈಗೆ ಕೂತಿರುವ ಅದೇ ಕೀಲಿಮಣೆ ವಿನ್ಯಾಸದಲ್ಲಿ ಯೂನಿಕೋಡ್ ಟೈಪಿಸುವ ಅನುಕೂಲ ನುಡಿಯ ಹೊಸ ಆವೃತ್ತಿಗಳಲ್ಲಿದೆ. ಸ್ಟಾಫ್ ರೂಮಿನ ಕಂಪ್ಯೂಟರುಗಳಲ್ಲಿ ಹಳೆಯದನ್ನು ತೆಗೆದು ಹೊಸದನ್ನು ಹಾಕಿಕೊಡುವುದು ಅರ್ಧ ದಿನದ ಕೆಲಸ. ಕಾಲೇಜು ಅದನ್ನು ಮಾಡಿಸಿಕೊಡಬೇಕು, 'ನೀವೇ ಹಾಕಿಕೊಳ್ಳಿ' ಅನ್ನಬಾರದು.

ಪಿಡಿಎಫ್ ಮಾಡಿ ಹಾಕಿದರೆ ಅಕ್ಷರ ಕಾಣುತ್ತದಲ್ಲ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಕಾಣುತ್ತದೆ. ಆದರೆ ದೃಷ್ಟಿ ತೊಂದರೆ ಇರುವ ವಿದ್ಯಾರ್ಥಿ ಎನ್‌ವಿಡಿಎ (ಪರದೆಯನ್ನು ಓದಿ ಹೇಳುವ ತಂತ್ರಾಂಶ) ಇಟ್ಟುಕೊಂಡು ಕೇಳಿದರೆ ನುಡಿ ಪಿಡಿಎಫ್ ಬರೀ ಗದ್ದಲ. ಯೂನಿಕೋಡ್ ಆದರೆ ಅದರ ಇಸ್ಪೀಕ್ ಧ್ವನಿ ಕನ್ನಡವನ್ನು ಓದುತ್ತದೆ. ಉಚ್ಚಾರಣೆ ಯಂತ್ರದ್ದೇ, ಅರ್ಥವಂತೂ ಆಗುತ್ತದೆ.


ಉತ್ತರ 3: ಎಚ್‌ಡಿಎಂಐ

ಪ್ಯಾನೆಲ್ ಟಿವಿಯಾಗಿರುವುದಕ್ಕೆ ಮುಕ್ಕಾಲು ಪಾಲು ಕಾರಣ ಒಂದು ಕೇಬಲ್. ಎಚ್‌ಡಿಎಂಐ ಚಿತ್ರ ಮತ್ತು ಶಬ್ದ ಒಯ್ಯುತ್ತದೆ, ಅಷ್ಟೇ. ನೀವು ಪರದೆ ಮುಟ್ಟಿದ್ದು ಲ್ಯಾಪ್‌ಟಾಪಿಗೆ ತಿಳಿಯಬೇಕಾದರೆ ಪ್ಯಾನೆಲ್‌ನ 'ಟಚ್' ಎಂದು ಬರೆದಿರುವ ಚೌಕ ಯುಎಸ್‌ಬಿ ರಂಧ್ರದಿಂದ ಲ್ಯಾಪ್‌ಟಾಪಿಗೆ ಇನ್ನೊಂದು ಕೇಬಲ್ ಬೇಕು. ಆ ಕೇಬಲ್ ಪೆಟ್ಟಿಗೆಯಲ್ಲೇ ಬಂದಿರುತ್ತದೆ, ಆ ಪೆಟ್ಟಿಗೆ ಸ್ಟೋರ್ ರೂಮಿನಲ್ಲಿರುತ್ತದೆ. ಹೋಗಿ ತೆಗೆಯಿರಿ.

ಪ್ರತಿ ಕೊಠಡಿಗೂ ಬೀಗದ ಒಂದು ಚಿಕ್ಕ ಡಬ್ಬಿ ಮಾಡಿ: 3 ಮೀಟರ್ ಎಚ್‌ಡಿಎಂಐ, ಟಚ್ ಕೇಬಲ್, ಟೈಪ್-ಸಿಯಿಂದ ಎಚ್‌ಡಿಎಂಐಗೆ ಅಡಾಪ್ಟರ್, ರಿಮೋಟಿಗೆ ಒಂದು ಜೊತೆ ಹೆಚ್ಚುವರಿ ಸೆಲ್, ಮೈಕ್ರೋಫೈಬರ್ ಬಟ್ಟೆ. ಕೊಠಡಿಗೆ 4,000 ರೂಪಾಯಿ ಇಟ್ಟುಕೊಳ್ಳಿ. ಎಲ್ಲ ಟೈಪ್-ಸಿ ರಂಧ್ರಗಳೂ ಚಿತ್ರ ಕೊಡುವುದಿಲ್ಲ, ಕೆಲವು ಬರೀ ಚಾರ್ಜ್ ಮತ್ತು ಡೇಟಾಗೆ ಮಾತ್ರ. ಆದ್ದರಿಂದ ಯಾರ ಲ್ಯಾಪ್‌ಟಾಪ್ ಯಾವ ರೀತಿ ಅಂತ ಮೊದಲೇ ಒಮ್ಮೆ ಹಚ್ಚಿ ನೋಡಿ ಪಟ್ಟಿ ಮಾಡಿ. ಡಬ್ಬಿಯ ಮುಚ್ಚಳದ ಒಳಗೆ ಕನ್ನಡದಲ್ಲಿ ನಾಲ್ಕು ಸಾಲು ಅಂಟಿಸಿ: ಎರಡೂ ಕೇಬಲ್ ಹಾಕಿ, ಸೋರ್ಸ್ ಬದಲಿಸಿ, ವಿಂಡೋಸ್ ಕೀ ಹಿಡಿದು ಪಿ ಒತ್ತಿ ಡ್ಯೂಪ್ಲಿಕೇಟ್ ಆರಿಸಿ, ಅಕ್ಷರ ಸಣ್ಣಗಿದ್ದರೆ ರೆಸಲ್ಯೂಷನ್ 1920×1080 ಮಾಡಿ.

ಟಚ್ ತಾನಾಗಿಯೇ ಓಡಾಡುತ್ತಿದೆ, ಬರೆದ ಗೆರೆ ಮಧ್ಯೆ ತುಂಡಾಗುತ್ತಿದೆ ಎಂದರೆ ಚೌಕಟ್ಟಿನ ಒಳಅಂಚು ನೋಡಿ. ಹೆಚ್ಚಿನ ಪ್ಯಾನೆಲ್‌ಗಳಲ್ಲಿ ಬೆರಳನ್ನು ಗುರುತಿಸುವುದು ಆ ಅಂಚಿನಿಂದ ಅಂಚಿಗೆ ಹಾಯುವ ಇನ್‌ಫ್ರಾರೆಡ್ ಕಿರಣ. ಪಕ್ಕದಲ್ಲೇ ಕಪ್ಪುಹಲಗೆ ಇದ್ದರೆ ಸೀಮೆಸುಣ್ಣದ ಪುಡಿ ಕೆಳಗಿನ ಅಂಚಿನಲ್ಲಿ ಕೂತು ಕಿರಣಕ್ಕೆ ಅಡ್ಡ ಬರುತ್ತದೆ. ಆಫ್ ಮಾಡಿ, ಒಣ ಬಟ್ಟೆಯಲ್ಲಿ ವಾರಕ್ಕೊಮ್ಮೆ ಒರೆಸಿ. ಕಿಟಕಿಯ ನೇರ ಬಿಸಿಲು ಬಿದ್ದರೂ ಇದೇ ಕಾಟ, ಅಲ್ಲಿ ಪರದೆ ಕಟ್ಟಿಸುವುದೇ ರಿಪೇರಿ. ಕಂಪನಿಯವರನ್ನು ಕರೆಸಿ ದುಡ್ಡು ಕೊಡುವ ಮೊದಲು ಇವೆರಡನ್ನು ನೋಡಿ.

ಪಾಠ ರೆಕಾರ್ಡ್ ಮಾಡುವವರಿಗೆ ಕ್ಯಾಮರಾ ಕೊಡಿಸಬೇಡಿ, ಮೈಕ್ ಕೊಡಿಸಿ. ಚಿತ್ರ ಮಸುಕಾದರೆ ಮಕ್ಕಳು ಸಹಿಸುತ್ತಾರೆ, ಫ್ಯಾನಿನ ಗರಗರ ಸಹಿಸುವುದಿಲ್ಲ. ಕಾಲರಿಗೆ ಸಿಕ್ಕಿಸುವ ತಂತಿ ಮೈಕ್ ಸಾಕು, ಎರಡು ಇರಲಿ. ಮೊಬೈಲಿಗೆಂದು ಮಾಡಿದ ಮೈಕಿನ ಪಿನ್ನಿನಲ್ಲಿ ಮೂರು ಕಪ್ಪು ಗೆರೆ ಇರುತ್ತವೆ. ಅದು ಹೆಡ್‌ಫೋನ್-ಮೈಕ್ ಒಂದೇ ರಂಧ್ರವಿರುವ ಲ್ಯಾಪ್‌ಟಾಪಿಗೆ ಆಗುತ್ತದೆ. ಗುಲಾಬಿ ಮತ್ತು ಹಸಿರು ಬೇರೆ ಬೇರೆ ರಂಧ್ರವಿರುವ ಡೆಸ್ಕ್‌ಟಾಪಿಗೆ ಸೀಳು ಅಡಾಪ್ಟರ್ ಬೇಕು.

ಸಾಫ್ಟ್‌ವೇರ್‌ಗೆ ಓಬಿಎಸ್ ಉಚಿತ. ರೆಕಾರ್ಡಿಂಗ್ ಎಂಕೆವಿ ರೂಪದಲ್ಲೇ ಇರಲಿ. ಮಾಮೂಲಿ ಎಂಪಿ4 ಆರಿಸಿಕೊಂಡು ಮಧ್ಯೆ ಕರೆಂಟ್ ಹೋದರೆ ಇಡೀ ಕಡತ ತೆರೆಯದಂತಾಗಬಹುದು, ಎಂಕೆವಿಯಲ್ಲಿ ಕರೆಂಟ್ ಹೋಗುವವರೆಗಿನದು ಉಳಿಯುತ್ತದೆ. ಮುಗಿದ ಮೇಲೆ ಓಬಿಎಸ್‌ನ ಫೈಲ್ ಮೆನುವಿನಲ್ಲೇ ರಿಮಕ್ಸ್ ಮಾಡಿದರೆ ಎಂಪಿ4 ಆಗುತ್ತದೆ. 720ಪಿ, ವಿಡಿಯೋಗೆ 500 ಕೆಬಿಪಿಎಸ್, ಧ್ವನಿಗೆ 96 ಇಟ್ಟರೆ ನಿಮಿಷಕ್ಕೆ ಸುಮಾರು 4.5 ಎಂಬಿ. 15 ನಿಮಿಷದ ಪಾಠ 70 ಎಂಬಿ ದಾಟುವುದಿಲ್ಲ. ಸ್ಲೈಡ್ ಮತ್ತು ದನಿಗೆ ಅಷ್ಟು ಸಾಕು. ವಿಡಿಯೋವನ್ನು ಮೂಡಲ್ ಸರ್ವರಿಗೆ ಏರಿಸದೆ ಯೂಟ್ಯೂಬ್‌ನಲ್ಲಿ ಅನ್‌ಲಿಸ್ಟೆಡ್ ಮಾಡಿ ಕೊಂಡಿ ಕೊಡಿ. ಖಾತೆಯನ್ನು ಫೋನ್ ನಂಬರಿನಿಂದ ದೃಢಪಡಿಸದಿದ್ದರೆ 15 ನಿಮಿಷಕ್ಕಿಂತ ಉದ್ದದ್ದು ಏರುವುದಿಲ್ಲ. ಅಷ್ಟರೊಳಗೆ ಮುಗಿಸುವುದು ಪಾಠಕ್ಕೂ ಒಳ್ಳೆಯದೇ.


ಉತ್ತರ 4: ಅನುಬಂಧ ಎರಡು

ಮೇಲಿನ ಮೂವರೂ ಯಂತ್ರದ ಮಾತಾಡಿದರು, ನಾನು ಆದೇಶದ ಮಾತಾಡುತ್ತೇನೆ. ಅಧ್ಯಾಪಕರಿಗೆ ಇಲ್ಲದಿರುವುದು ಸಮಯ. ಯುಜಿಸಿಯ 2018ರ ನಿಯಮಾವಳಿಯಲ್ಲಿ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ, ಸಹ ಪ್ರಾಧ್ಯಾಪಕರಿಗೂ ಪ್ರಾಧ್ಯಾಪಕರಿಗೂ 14 ಗಂಟೆ ನೇರ ಬೋಧನೆ ಇದೆ. ಅನುದಾನಿತ ಕಾಲೇಜಿನಲ್ಲಿ ಅದನ್ನು ಕಡಿಮೆ ಮಾಡಲು ಪ್ರಾಂಶುಪಾಲರ ಕೈಯಲ್ಲಿ ಏನೂ ಇಲ್ಲ. ಆದರೆ ಸಮಿತಿಗಳು ಅವರ ಕೈಯಲ್ಲಿವೆ. ಕೋರ್ಸ್ ಪುಟ ಕಟ್ಟುವ ಅಧ್ಯಾಪಕರಿಗೆ ಆ ಸೆಮಿಸ್ಟರ್ ಎರಡು ಸಮಿತಿಯಿಂದ, ಐಎ ಟೆಸ್ಟಿನ ಮೇಲ್ವಿಚಾರಣೆಯಿಂದ ವಿನಾಯಿತಿ ಕೊಟ್ಟು ಕಚೇರಿ ಆದೇಶ ಹೊರಡಿಸಿ. ಬಾಯಿಮಾತಿನ ವಿನಾಯಿತಿ ಪ್ರವೇಶಾತಿ ಕಾಲಕ್ಕೆ ಆವಿಯಾಗುತ್ತದೆ.

ಬಡ್ತಿಯ ಲೆಕ್ಕವನ್ನೂ ತಿಳಿಸಿ ಹೇಳಿ. ಅದೇ ನಿಯಮಾವಳಿಯ ಅನುಬಂಧ 2, ಕೋಷ್ಟಕ 2ರಲ್ಲಿ ನಾಲ್ಕು ಕ್ವಾಡ್ರಂಟ್‌ನ (ಭಾಗದ) ಇ-ಕಂಟೆಂಟ್ ಒಂದು ಪೂರ್ಣ ಕೋರ್ಸಿಗೆ ಮಾಡಿದರೆ 12 ಅಂಕ, ಒಂದು ಮಾಡ್ಯೂಲ್‌ಗೆ 5, ಕನಿಷ್ಠ ಒಂದು ಕ್ವಾಡ್ರಂಟ್‌ಗೆ ಕೊಡುಗೆ ಕೊಟ್ಟರೆ 2. ಬರೀ ವಿಡಿಯೋ ಮಾಡಿ 'ನಾಲ್ಕು ಕ್ವಾಡ್ರಂಟ್' ಎಂದು ಬರೆದುಕೊಂಡವರ ಅರ್ಜಿ ನಿಲ್ಲುವುದಿಲ್ಲ. ವಿಡಿಯೋ, ಓದುವ ಪಠ್ಯ, ಚರ್ಚೆಯ ಜಾಗ ಮತ್ತು ಪೂರಕ ಕೊಂಡಿಗಳು, ಸ್ವಯಂ ಪರೀಕ್ಷೆ ನಾಲ್ಕೂ ಇರಬೇಕು. ಮೂಡಲ್‌ನ ಮಾದರಿ ಕೋರ್ಸನ್ನೇ ಈ ನಾಲ್ಕು ವಿಭಾಗಗಳಾಗಿ ಕಟ್ಟಿದರೆ ಒಂದೇ ಕೆಲಸ ತರಗತಿಗೂ ಆಗುತ್ತದೆ, ಕಡತಕ್ಕೂ ಆಗುತ್ತದೆ. ಕ್ರಾನ್‌ಜಾಬ್ ಅವರೇ, ನಿಮ್ಮ ಮಾದರಿಗೆ ಇದನ್ನು ಸೇರಿಸಿ.

ಇನ್ನೊಂದು, ಯಾರೂ ಬಾಯಿಬಿಟ್ಟು ಕೇಳದ ಪ್ರಶ್ನೆ: ರೆಕಾರ್ಡ್ ಮಾಡಿದ ಪಾಠ ಯಾರದ್ದು? 1957ರ ಹಕ್ಕುಸ್ವಾಮ್ಯ ಕಾಯಿದೆಯ 17ನೇ ಕಲಮಿನ ಪ್ರಕಾರ ನೌಕರಿಯ ಭಾಗವಾಗಿ ಮಾಡಿದ ಕೃತಿಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮೊದಲ ಹಕ್ಕು ಉದ್ಯೋಗದಾತರದ್ದು. ಅತಿಥಿ ಉಪನ್ಯಾಸಕರ ಅಂಜಿಕೆ ಇಲ್ಲಿದೆ: 'ಈ ವರ್ಷ ವಿಡಿಯೋ ಮಾಡಿಸಿಕೊಂಡು ಮುಂದಿನ ವರ್ಷ ನನ್ನನ್ನು ಬಿಟ್ಟರೆ?' ಅದು ಸುಮ್ಮನೆ ಹುಟ್ಟಿದ ಅನುಮಾನವಲ್ಲ. ಒಂದು ಪುಟದ ಒಪ್ಪಂದ ಬರೆಯಿರಿ: ರೆಕಾರ್ಡಿಂಗ್ ಆ ವರ್ಷ ಆ ತರಗತಿಗೆ ದಾಖಲಾದವರಿಗೆ ಮಾತ್ರ, ಬೇರೆ ವರ್ಷಕ್ಕೆ ಬಳಸಬೇಕಾದರೆ ಲಿಖಿತ ಒಪ್ಪಿಗೆ, ಬಿಟ್ಟು ಹೋಗುವಾಗ ಪ್ರತಿ ತೆಗೆದುಕೊಳ್ಳಬಹುದು, ತರಗತಿಯ ಬದಲಿಗೆ ಅದನ್ನು ಹಾಕುವಂತಿಲ್ಲ. ಪ್ರಾಂಶುಪಾಲರ ಸಹಿ ಇರಲಿ.


ಪ್ರಶ್ನೆ ಕೇಳಿದವರು: ಐಕ್ಯೂಎಸಿ ಸಂಚಾಲಕಿ

ಎಲ್ಲರಿಗೂ ವಂದನೆ. ಟಚ್ ಕೇಬಲ್‌ಗಳು ಸ್ಟೋರ್ ರೂಮಿನಲ್ಲೇ ಇವೆ, ಆರೂ. ಇನ್ನೆರಡು ಪ್ರಶ್ನೆ. ಅತಿಥಿ ಉಪನ್ಯಾಸಕರು ಮಧ್ಯಾಹ್ನ ಇನ್ನೊಂದು ಕಾಲೇಜಿಗೆ ಹೋಗುತ್ತಾರೆ, ಬೈಠಕ್‌ಗೆ ಕೂರಿಸುವುದು ಹೇಗೆ? ಬೈಠಕ್ ಮುಗಿದ ಮೇಲೆ ಸಿಕ್ಕಿಹಾಕಿಕೊಂಡವರು ಯಾರನ್ನು ಕೇಳಬೇಕು? ಕಂಪ್ಯೂಟರ್ ವಿಭಾಗದ ಒಬ್ಬರ ಮೇಲೆಯೇ ಎಲ್ಲ ಬೀಳುತ್ತಿದೆ.


ಉತ್ತರ 5: ಕ್ರಾನ್‌ಜಾಬ್

ಅನುಬಂಧ ಎರಡು ಸರ್, ಮಾದರಿಗೆ ಸೇರಿಸಿದೆ, ಒಳ್ಳೆಯ ಮಾತು.

ಮೇಡಂ, ಅತಿಥಿ ಉಪನ್ಯಾಸಕರಿಗೆ ಕೂತ ಗಂಟೆಗೆ ದುಡ್ಡು ಕೊಡಿ. 19 ಜನ, ಮೂರು ಬೈಠಕ್, ಒಂದೂವರೆ ಗಂಟೆಯಂತೆ 85.5 ಗಂಟೆ. ಗಂಟೆಗೆ 400 ಇಟ್ಟರೂ 34,200 ರೂಪಾಯಿ. ಹೊರಗಿನ ಸಂಪನ್ಮೂಲ ವ್ಯಕ್ತಿಗಳ ಪ್ರಯಾಣ, ವಸತಿ, ಶಾಲು-ಹಾರದ ಖರ್ಚನ್ನು ಇದಕ್ಕೆ ತಿರುಗಿಸಿ. ಒಂದೇ ಬೈಠಕ್ ಅನ್ನು ಬೆಳಗ್ಗೆ ಒಮ್ಮೆ, ಶನಿವಾರ ಒಮ್ಮೆ ಇಡಿ. ಬರಲಾಗದವರಿಗೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಮಾದರಿ ಒಳ್ಳೆಯದು: ಹತ್ತು ನಿಮಿಷದ ಪಾಠ, ಅರ್ಧ ಪರದೆಯಲ್ಲಿ ವಿಡಿಯೋ, ಇನ್ನರ್ಧದಲ್ಲಿ ತಾವೇ ಮಾಡುವುದು, ನಿಲ್ಲಿಸಿ ನಿಲ್ಲಿಸಿ. ಲಿಬ್ರೆಆಫೀಸ್‌ನಂಥವು ಅಲ್ಲಿ ಕನ್ನಡದಲ್ಲೇ ಇವೆ.

ಸಹಾಯಕ್ಕೆ ಇಬ್ಬರು ಕೊನೆಯ ವರ್ಷದ ವಿದ್ಯಾರ್ಥಿಗಳನ್ನು ಇಟ್ಟುಕೊಳ್ಳಿ. ದಿನಕ್ಕೆ ಎರಡು ಗಂಟೆ, ಗಂಟೆಗೆ 100 ರೂಪಾಯಿಯಂತೆ 75 ದಿನಕ್ಕೆ 30,000. ಸ್ಟಾಫ್ ರೂಮಿನಲ್ಲೇ ಒಂದು ಮೇಜು, ಗೊತ್ತಾದ ಸಮಯ, ಊಟದ ಬಿಡುವು ಸೇರಿರಲಿ. ಬೇರೆ ಕಟ್ಟಡದ ಲ್ಯಾಬ್‌ಗೆ ಹೋಗಿ ಕೇಳಿ ಅಂದರೆ ಯಾರೂ ಹೋಗುವುದಿಲ್ಲ. ಆ ಹುಡುಗರಿಗೆ ಅಧ್ಯಾಪಕರ ಪಾಸ್‌ವರ್ಡ್ ಕೊಡುವಂತಿಲ್ಲ, ಅಂಕವಿರುವ ಪುಟ ತೆರೆಯುವಂತಿಲ್ಲ. ಮೌಸ್ ಅಧ್ಯಾಪಕರ ಕೈಯಲ್ಲೇ ಇರಬೇಕು, ಇವರು ಬಾಯಲ್ಲಿ ಹೇಳಬೇಕು. ಮೌಸ್ ಕಸಿದುಕೊಂಡು ಮಾಡಿಕೊಟ್ಟರೆ ನಾಳೆ ಅದೇ ಪ್ರಶ್ನೆ ಮತ್ತೆ ಬರುತ್ತದೆ.

ಬಂದ ಪ್ರಶ್ನೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ: ದಿನಾಂಕ, ವಿಭಾಗ, ಏನು ಸಿಕ್ಕಿಹಾಕಿಕೊಂಡಿತು. ಮೂರನೇ ವಾರಕ್ಕೆ ಒಂದೇ ಪ್ರಶ್ನೆ ಏಳೆಂಟು ಸಲ ಕಂಡರೆ ಅಲ್ಲಿ ತಪ್ಪು ಅಧ್ಯಾಪಕರದ್ದಲ್ಲ, ಸೆಟ್ಟಿಂಗ್‌ದು. ಅಡ್ಮಿನ್ ಅದನ್ನು ಒಂದೇ ಕಡೆ ಸರಿಮಾಡಿದರೆ ಮುಗಿಯಿತು.

ಗೂಗಲ್‌ಗೆ ಹೋಗುವುದೇ ಆದರೆ ಒಂದು ಎಚ್ಚರ: ಬಿಟ್ಟು ಹೋದ ಉಪನ್ಯಾಸಕರ ಖಾತೆ ಅಳಿಸುವ ಮೊದಲು ಅವರ ಡ್ರೈವ್ ಕಡತಗಳನ್ನೂ ಕ್ಲಾಸ್‌ರೂಮ್ ಮಾಲೀಕತ್ವವನ್ನೂ ವಿಭಾಗದ ಮುಖ್ಯಸ್ಥರ ಹೆಸರಿಗೆ ವರ್ಗಾಯಿಸಿ. ಅಳಿಸಿದ ಖಾತೆ 20 ದಿನದೊಳಗೆ ಮಾತ್ರ ವಾಪಸ್ ಬರುತ್ತದೆ. ಐಎ ಅಂಕದ ತಕರಾರು ಏಳುವುದು ಫಲಿತಾಂಶ ಬಂದ ಮೇಲೆ, ಆ ಹೊತ್ತಿಗೆ 20 ದಿನ ಎಂದೋ ಕಳೆದಿರುತ್ತದೆ.